ಮೆಣಸಿನಕಾಯಿ ರಾಶಿಯ ಮುಂದೆ ನನ್ನ ಸಂಶೋಧನಾ ವಿಧಾನ

"ನಿಮಗ ನಾವು ಜಗಳಾಡೋದು ಬೇಕೇನ್ರಿ, ಹೊಂದಕೊಂಡಿರೋದು ಬೇಕೇನ್ರಿ? ಮೊದಲ ಹೇಳಿಬಿಡ್ರಿ."

ಗೆಳೆಯರೇ, ಸಮಾಜಶಾಸ್ತ್ರದ ನನ್ನ ಪಿಎಚ್‌ಡಿಯ ಮೊದಲ ಸಂದರ್ಶನ ಇಂದು ಬೆಳಿಗ್ಗೆ ಬ್ಯಾಡಗಿಯಲ್ಲಿ ಶುರುವಾಗಿದ್ದು ಹೀಗೆ. ಕೇಳಿದವರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಹುಸೇನಬಿ. ಪ್ರಶ್ನೆ ಕೇಳುವುದು ನನ್ನ ಕೆಲಸವೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

"ಯಾಕ ಹಂಗ ಕೇಳ್ತೀರಿ?" ಎಂದೆ.

"ಹೋದ ವರ್ಷ ನಿಮ್ಹಂಗ ಬರಕೊಳ್ಳಾಕ ಬಂದ ಸರ್‌ಗ ಜಗಳಾನ ಬೇಕಾಗಿತ್ತು. ಮಾಲಕರ ಮ್ಯಾಲ ಸಿಟ್ಟಿಲ್ಲೇನು ಅಂತ ಮೂರ ಸಲ ಕೇಳಿದ್ರು. ಅದಕ್ಕೂ ಮೊದಲ ಬಂದ ಮೇಡಂಗ ನಾವೆಲ್ಲಾ ಒಂದ ಮನಿಯವರಂಗ ಇರಬೇಕಾಗಿತ್ತು. ಇಬ್ಬರಿಗೂ ಬೇಕಾದ್ದ ಹೇಳಿ ಕಳಿಸೇವಿ."

ಸಮಾಜ ನಡೆಯುವುದು ಜಗಳದಿಂದ ಎನ್ನುವ ಸಂಘರ್ಷ ಸಿದ್ಧಾಂತ, ಹೊಂದಾಣಿಕೆಯಿಂದ ಎನ್ನುವ ಪ್ರಕಾರ್ಯವಾದ ಎಂದು ನಾನು ಎರಡು ಅಧ್ಯಾಯ ಬರೆದು ವಿವರಿಸಿದ್ದನ್ನು ಅವರು ಕೈಕೆಲಸ ಬಿಡದೆ ನಾಲ್ಕು ಮಾತಿನಲ್ಲಿ ಮುಗಿಸಿದರು.

ಪ್ರಶ್ನಾವಳಿಯನ್ನು ಚೀಲಕ್ಕೆ ತುರುಕಿ ಸಹಭಾಗಿ ಅವಲೋಕನವೆಂಬ ಘನವಾದ ವಿಧಾನಕ್ಕೆ ಇಳಿದೆ. ಅಂದರೆ ರಾಶಿಯ ಮುಂದೆ ಕುಳಿತು ನಾನೂ ತೊಟ್ಟು ಬಿಡಿಸಿದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನನ್ನ ಪೀಠಿಕೆಯಲ್ಲೇ ಇದೆ. ಆ ಧೈರ್ಯದ ಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡೆ.

ಹುಸೇನಬಿ ಒದ್ದೆ ಬಟ್ಟೆಯೊಂದನ್ನು ನನ್ನ ಕೈಗಿಟ್ಟು ಪಕ್ಕದವರಿಗೆ ಹೇಳಿದರು: "ಆ ಸರ್ ಹಿಂಗ ಕುಂತಾಗ ಅರ್ಧಾ ತಾಸ ತಡದಿದ್ರು. ಆ ಮೇಡಂ ಕಾಲ ತಾಸು. ಇವರು ಐದ ನಿಮಿಷಾನೂ ಇಲ್ಲ."

ಮೂವರು ಸಂಶೋಧಕರು, ಒಂದೇ ರಾಶಿ, ಪಕ್ಕಾ ತುಲನಾತ್ಮಕ ಅಧ್ಯಯನ. ನನ್ನ ಮಾರ್ಗದರ್ಶಕರು ಎರಡು ವರ್ಷದಿಂದ ಕೇಳುತ್ತಿರುವುದು ಇದನ್ನೇ. ಪ್ರಬಂಧವನ್ನು ನನ್ನ ಹೆಸರಿನಲ್ಲಿ ಸಲ್ಲಿಸಬೇಕೋ ಹುಸೇನಬಿಯ ಹೆಸರಿನಲ್ಲೋ ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ.