ಗುನ್ವೋರಳ ಬೆರಳುಗಳು
ಸ್ಟಾಕ್‌ಹೋಮಿನ ನಮ್ಮ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಗುನ್ವೋರ್ ಅರೆನಿದ್ದೆಯಲ್ಲಿರುವವಳಂತೆ ಪಂಜರದಿಂದ ಪಂಜರಕ್ಕೆ ತೇಲಿಹೋಗುತ್ತಾಳೆ. “ಏನು ಕನಸು ಬಿತ್ತೇ ಪುಟ್ಟಿ?” ಎಂದು ಒಂದೊಂದು ಇಲಿಯನ್ನೂ ಕೇಳಿ, ಉತ್ತರಕ್ಕೆ ಕಾಯುವುದರಲ್ಲಿ ಅವಳ ಕಾಫಿ ಆರಿ, ಏಲಕ್ಕಿ ಬನ್ನು ಒಣಗಿಹೋಗುತ್ತದೆ. ಪ್ರಯೋಗಕ್ಕೆಂದು ಚುಚ್ಚುಮದ್ದು ಕೊಟ್ಟು ಊದಿಸಿದ ಇಲಿಗಳ ಪಾದದಲ್ಲಿ ರಕ್ಷಣಾ ಕೋಶಗಳು ತಮ್ಮ ಪೊರೆಯ ಕೊಬ್ಬಿನಿಂದಲೇ ಊತ, ನೋವು ತರುವ ರಾಸಾಯನಿಕ ಸಂಕೇತವನ್ನು ಎಷ್ಟು ತಯಾರಿಸಿವೆ ಎಂದು ಅಳೆಯುವುದು ನನ್ನ ಕೆಲಸ. “ಎಷ್ಟು ಬಂತು ಅಂತ ಬರ್ಕೋತೀಯ, ಎಷ್ಟು ನೋವಾಯ್ತು ಅಂತ ಬರ್ಕೊಳ್ಳಲ್ಲ,” ಎಂದು ಗುನ್ವೋರ್ ಗೊಣಗುತ್ತಾಳೆ. ನಿನ್ನೆ ಅವಳ ಕೈಗವಸು ಕಳಚಲೇ ಇಲ್ಲ. ನಾನು ಕತ್ತರಿಸಿ ತೆಗೆದೆ. ಬೆರಳ ಗೆಣ್ಣುಗಳೆಲ್ಲ ಕೆಂಪಗೆ ಊದಿದ್ದವು. “ಎಷ್ಟು ದಿನದಿಂದ?” ಎಂದೆ. “ಎಂಟು ವರ್ಷ ಆಯ್ತು. ಯಾರಿಗೂ ಹೇಳ್ಬೇಡ ಕಣೇ, ಕೆಲಸ ಬಿಡಿಸ್ತಾರೆ. ಆಮೇಲೆ ಇವನ್ನ ನೋಯದ ಹಾಗೆ ಎತ್ತೋರು ಯಾರು?” ಇವತ್ತು ಒಂದು ಅಳತೆ ದೊಡ್ಡ ಕೈಗವಸಿನ ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು ಬಂದೆ.