ಮುಕ್ಕಾಲು ಮುಗಿಸಿದ ಕುದುರೆ

ಬಾಗಿಲು, ಮಂಚ ಮಾಡುವ ಆ ಮರಗೆಲಸದ ಕಾರ್ಖಾನೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ‘ಮುಕ್ಕಾಲು’. ಕೂಲಿ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುವ ಈ ಹೆಂಗಸು ತನಗಾಗಿ ಕೆತ್ತಿದ್ದನ್ನು ಮಾತ್ರ ಒಂದನ್ನೂ ಮುಗಿಸಿದವಳಲ್ಲ. ಮುಕ್ಕಾಲು ಪಾಲು ಆಗುತ್ತಿದ್ದಂತೆ ಕೊಡಲಿ ಎತ್ತಿ ಚೂರು ಚೂರು ಮಾಡುತ್ತಿದ್ದಳು. ಸೊಂಡಿಲಿಲ್ಲದ ಆನೆ, ಮೂತಿ ಸೀಳಿದ ಕರಡಿ ಎಲ್ಲವನ್ನೂ ಅವಳ ತಮ್ಮ ಮನೆಗೆ ಹೊತ್ತೊಯ್ದು ಸ್ನಾನದ ನೀರು ಕಾಯಿಸುತ್ತಿದ್ದ. “ಅಕ್ಕ, ಈ ವಾರ ಯಾವ ಪ್ರಾಣಿ ಸುಡೋದು?” ಎಂದು ಕೇಳುತ್ತಿದ್ದ.

ಈ ಚಾಳಿ ಹತ್ತಿದ್ದು ಹನ್ನೆರಡನೇ ವಯಸ್ಸಿನಲ್ಲಿ. ಅಪ್ಪನೂ ಬಡಗಿಯೇ. ಅವಳು ಕೆತ್ತಿದ ಮೊದಲ ಗಿಣಿಯನ್ನು ನೋಡಿ, “ಇದೇನು ಕೊಕ್ಕೋ, ಗಾಳದ ಕೊಕ್ಕೆಯೋ?” ಎಂದು ಅವನು ಕೊಡತಿ ಬೀಸಿದ. ಗಿಣಿಯನ್ನು ಉಳಿಸಿಕೊಳ್ಳಲು ಕೈ ಅಡ್ಡ ಇಟ್ಟಳು. ಗಿಣಿ ಪುಡಿಯಾಯಿತು, ಬೆರಳೂ ಮುರಿಯಿತು. ಅಂದಿನಿಂದ, ಇನ್ನೊಬ್ಬರು ಒಡೆಯುವ ಮೊದಲು ತಾನೇ ಒಡೆದುಬಿಡುವುದು ಅವಳಿಗೆ ರೂಢಿಯಾಯಿತು.

ಸಿಡಿಲು ಹೊಡೆದ ಮರದ ದಿಮ್ಮಿಯೊಂದರಲ್ಲಿ ಅವಳು ಕುದುರೆಯನ್ನು ಕೆತ್ತತೊಡಗಿದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ. ಮುಂಗಾಲೆತ್ತಿ ನಿಂತ ಕುದುರೆ. ಐದು ತಿಂಗಳಲ್ಲಿ ಜೂಲು, ಗೊರಸು ಎಲ್ಲ ಮೂಡಿ ಎಡಗಣ್ಣು ಮಾತ್ರ ಉಳಿದಿತ್ತು. ಒಂದು ಮಧ್ಯಾಹ್ನ ಅವಳ ಕೈ ಮತ್ತೆ ಕೊಡಲಿಗೆ ಹೋಯಿತು.

ಊಟ ಮುಗಿಸಿ ಬಂದ ಮುದಿ ಮೇಸ್ತ್ರಿ ಓಡಿಬಂದು ಕೊಡಲಿಯ ಕಾವು ಹಿಡಿದುಕೊಂಡರು. “ಬಿಡ್ರೀ!” ಎಂದು ಅರಚಿದಳು. ಬಿಡಲಿಲ್ಲ. ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ನೂಕಿದಳು. ಮೇಸ್ತ್ರಿಯ ತಲೆ ಕೆಲಸದ ಮೇಜಿನ ಅಂಚಿಗೆ ಬಡಿಯಿತು. ರಕ್ತ ಹುಬ್ಬಿನಿಂದ ಗದ್ದಕ್ಕೆ ಹರಿದು ಮರದ ಹೊಟ್ಟಿನ ಮೇಲೆ ತೊಟ್ಟಿಕ್ಕಿತು. ಅವಳು ಅವರನ್ನು ಎತ್ತಿಕೊಂಡು ದವಾಖಾನೆಗೆ ಓಡಿದಳು. ಏಳು ಹೊಲಿಗೆ ಬಿದ್ದವು.

ಮರುದಿನ ಪಟ್ಟಿ ಸುತ್ತಿದ ತಲೆಯಲ್ಲೇ ಬಂದ ಮೇಸ್ತ್ರಿ ಅವಳ ಕೊಡಲಿ, ಬಾಚಿ, ಸುತ್ತಿಗೆಗಳನ್ನೆಲ್ಲ ಬಾಚಿಕೊಂಡು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಒಂದು ಸಣ್ಣ ಉಳಿಯನ್ನಷ್ಟೇ ಮುಂದಿಟ್ಟರು.

“ಕೆಟ್ಟದಾಗೇ ಮುಗಿಸು ಮಗಳೇ. ಮೆಳ್ಳಗಣ್ಣು ಬೇಕಾದ್ರೂ ಇಡು. ಆದ್ರೆ ಇಡು.”

“ಕೆಟ್ಟೋದ್ರೆ?”

“ಕೆಟ್ಟ ಕುದುರೆ ಅನ್ನಿಸ್ಕೊಳ್ಳುತ್ತೆ. ಸೌದೆ ಅನ್ನಿಸ್ಕೊಳ್ಳೋಕ್ಕಿಂತ ವಾಸಿ ತಾನೇ?”

ಮೂರು ದಿನ ಉಳಿ ಹಿಡಿದು ಕೂತಳೇ ಹೊರತು ಕೈ ಮುಂದಕ್ಕೆ ಹೋಗಲಿಲ್ಲ. ನಾಲ್ಕನೇ ದಿನ, ಮಗಳು ಮೇಸ್ತ್ರಿಯ ತಲೆ ಒಡೆದ ಸುದ್ದಿ ಕೇಳಿ ಅಪ್ಪ ದೊಣ್ಣೆಯೂರಿಕೊಂಡು ಬಂದ. ಕುದುರೆಯನ್ನು ಸುತ್ತು ಹಾಕಿ ನೋಡಿದ.

“ಈ ಕತ್ತೆಗೋಸ್ಕರ ಹಿರಿಯರ ಮೇಲೆ ಕೈ ಮಾಡಿದ್ಯಾ?” ಎಂದವನೇ ದೊಣ್ಣೆ ಎತ್ತಿ ಹೊಡೆದ. ಕುದುರೆಯ ಬಲಗಿವಿ ಹಾರಿಹೋಯಿತು.

ಮುಂದಿನದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಡೆಯಿತು. ದೊಣ್ಣೆ ಕಿತ್ತುಕೊಂಡು ಮೇಜಿಗೆ ಅಪ್ಪಳಿಸಿ ಎರಡು ತುಂಡು ಮಾಡಿದಳು. ಅಪ್ಪನ ಕೊರಳಪಟ್ಟಿ ಹಿಡಿದು ಗೋಡೆಗೊತ್ತಿ ಮುಷ್ಟಿ ಎತ್ತಿದಳು. ಇಪ್ಪತ್ತೆರಡು ವರ್ಷ ಕಾದಿದ್ದ ಮುಷ್ಟಿ. ಕೈಯಲ್ಲಿ ಸಿಕ್ಕಿದ್ದು ಎಲುಬು ಚರ್ಮವಷ್ಟೇ ಉಳಿದ ಮುದುಕ. ಅವನ ಎದೆ ಸಿಕ್ಕಿಬಿದ್ದ ಹಕ್ಕಿಯಂತೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮುಷ್ಟಿ ಅವನ ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಗೆಣ್ಣುಗಳ ಚರ್ಮ ಕಿತ್ತುಬಂತು.

“ಕೂತ್ಕೋ ಅಪ್ಪ,” ಎಂದಳು ಏದುಸಿರು ಬಿಡುತ್ತ. “ನೋಡ್ತಾ ಕೂತ್ಕೋ. ಮುಗಿಯೋವರೆಗೂ ಬಾಯಿ ತೆಗೆದ್ರೆ ಹಲ್ಲು ಉದುರಿಸ್ತೀನಿ.”

ಅವನು ಮಣೆಯ ಮೇಲೆ ಕುಸಿದು ಕೂತ. ಅವಳು ರಕ್ತ ಜಿನುಗುವ ಕೈಯಲ್ಲೇ ಉಳಿ ಹಿಡಿದು ಕುದುರೆಯ ಎಡಗಣ್ಣು ಕೆತ್ತತೊಡಗಿದಳು. ಸಂಜೆಯ ಹೊತ್ತಿಗೆ ರೆಪ್ಪೆ ಮೂಡಿತು, ಗುಡ್ಡೆ ಮೂಡಿತು. ಹಾರಿದ ಕಿವಿಯನ್ನು ಮರದ ಗೂಟ ಹೊಡೆದು ಕೂರಿಸಿದಳು.

“ಈ ಕಣ್ಣು ಆ ಕಣ್ಣಿಗಿಂತ ದೊಡ್ಡದಾಯ್ತು,” ಎಂದ ಅಪ್ಪ, ತಡೆಯಲಾರದೆ.

“ಗೊತ್ತು,” ಎಂದು ಅವಳು ಬಣ್ಣದ ಡಬ್ಬಿಯ ಮುಚ್ಚಳ ತೆರೆದಳು.

ಕುದುರೆ ಒಂದು ಶಾಲೆಯ ಅಂಗಳ ಸೇರಿತು. ಅಪ್ಪ ಮಗಳ ನಡುವೆ ವರ್ಷವಿಡೀ ಮಾತಿರಲಿಲ್ಲ. ಆಮೇಲೆ ಅವಳು ಐದು ಪ್ರಾಣಿಗಳನ್ನು ಕೆತ್ತಿದಳು. ಎರಡನ್ನು ಒಡೆದೇ ಹಾಕಿದಳು, ಮೂರನ್ನು ಮುಗಿಸಿದಳು.