ಬೆನ್ನು ಒತ್ತುವ ವಿದ್ಯೆ

ಎರಡು ಬಿದಿರು ದಬ್ಬೆ, ಮೂರು ಮೊಳ ಬಿಳಿ ಬಟ್ಟೆ, ಒಂದು ಜಮಖಾನ. ಇಷ್ಟನ್ನು ಕಂಕುಳಲ್ಲಿ ಇರುಕಿಕೊಂಡು ಶನಿವಾರ ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತುವವನನ್ನು ಕಂಡರೆ ನೀವಾದರೂ ಏನೆಂದುಕೊಳ್ಳುತ್ತೀರಿ? ಕಂಡಕ್ಟರು ಅಂದುಕೊಂಡದ್ದೂ ಅದನ್ನೇ. ನನ್ನ ಮುಖ ನೋಡಿ, ಬಿದಿರು ನೋಡಿ, ದನಿ ತಗ್ಗಿಸಿ, "ಯಾರ್ ಓಗ್ಬುಟ್ರು ಮೇಷ್ಟ್ರೆ?" ಎಂದು ಕೇಳಿದ. ಯಾರೂ ಹೋಗಿಲ್ಲ, ಹೋಗುವವರನ್ನು ಹಿಡಿದು ನಿಲ್ಲಿಸುವುದು ಹೇಗೆಂದು ಕಲಿಯಲು ಚಾಮರಾಜನಗರಕ್ಕೆ ಹೊರಟಿದ್ದೇನೆ ಎಂದು ಎದೆಯುಬ್ಬಿಸಿ ಹೇಳಿದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಪಕ್ಕದಲ್ಲಿ ಕುಳಿತ ಅಜ್ಜಿಯಂತೂ ಇಳಿಯುವವರೆಗೂ ತಮ್ಮ ಸೆರಗು ನನ್ನ ಸಾಮಾನಿಗೆ ತಾಗದಂತೆ ಎಳೆದು ಹಿಡಿದಿದ್ದರು.

ಐವತ್ತರ ದಶಕದ ಮಾತು ಇದು. ನನಗಾಗ ಇಪ್ಪತ್ತನಾಲ್ಕು ವರ್ಷ. ಗುಂಡ್ಲುಪೇಟೆಯ ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ, ಕಾಗುಣಿತ ಹೇಳಿಕೊಡುತ್ತಿದ್ದೆ. ಪ್ರಥಮ ಚಿಕಿತ್ಸೆ ಕಲಿಯಲು ಸ್ವಯಂಸೇವಕರು ಬೇಕಾಗಿದ್ದಾರೆ, ಶನಿವಾರ ಮತ್ತು ಭಾನುವಾರ ಎರಡೇ ದಿನ, ದಬ್ಬೆ, ಬಟ್ಟೆ, ಹಾಸಿಗೆ ತಾವೇ ತರತಕ್ಕದ್ದು ಎಂಬ ಸುತ್ತೋಲೆ ಶಾಲೆಗೆ ಬಂದಾಗ ಎಲ್ಲರಿಗಿಂತ ಮೊದಲು ಹೆಸರು ಬರೆಸಿದವನು ನಾನು. ಅದಕ್ಕೊಂದು ಕಾರಣವಿತ್ತು. ಹಿಂದಿನ ಬೇಸಿಗೆಯಲ್ಲಿ ಸಂತೆಗೆ ಬಂದಿದ್ದ ಒಬ್ಬ ಮನುಷ್ಯ ಕೆರೆಗೆ ಜಾರಿ ಬಿದ್ದಿದ್ದ. ಎತ್ತಿ ತಂದು ದಡದಲ್ಲಿ ಮಲಗಿಸಿದ್ದರು. ಸುತ್ತ ನಿಂತಿದ್ದ ಐವತ್ತು ಜನರಲ್ಲಿ ನಾನೂ ಒಬ್ಬ. ನನ್ನ ಎರಡು ಕೈಗಳು ಏನು ಮಾಡಬೇಕೆಂದು ತಿಳಿಯದೆ ಪಂಚೆಯ ಅಂಚನ್ನು ಹಿಡಿದುಕೊಂಡಿದ್ದವು. ಆತ ನಮ್ಮೆಲ್ಲರ ಕಣ್ಣೆದುರಿಗೇ ತಣ್ಣಗಾದ. ಅಂದಿನಿಂದ ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ಈ ಕೈಗಳನ್ನು ಕಂಡು ನನಗೆ ನಾಚಿಕೆಯಾಗುತ್ತಿತ್ತು.

ಚಾಮರಾಜನಗರದಲ್ಲಿ ನಮಗೆ ಗುರುವಾಗಿ ಸಿಕ್ಕವರು ಮಾದಪ್ಪನವರು. ಯುದ್ಧಕಾಲದಲ್ಲಿ ಬರ್ಮಾ ಗಡಿಯಲ್ಲಿ ಗಾಯಾಳುಗಳ ಡೇರೆಯಲ್ಲಿ ದುಡಿದು ಬಂದು, ಈಗ ಊರಿನಲ್ಲಿ ಕಾಂಪೌಂಡರಾಗಿದ್ದವರು. ಮಿಲಿಟರಿ ಮೀಸೆ, ಅಚ್ಚ ನಮ್ಮೂರಿನ ಮಾತು. ಮೊದಲ ದಿನ ಮೂಳೆ ಮುರಿದರೆ ದಬ್ಬೆ ಕಟ್ಟುವುದು, ರಕ್ತ ಸುರಿದರೆ ಒತ್ತಿ ಹಿಡಿಯುವುದು, ಮುಕ್ಕೋನದ ಬಟ್ಟೆಯಲ್ಲಿ ಕೈ ತೂಗುಹಾಕುವುದು. ನಾನು ಕಟ್ಟಿದ ತಲೆಯ ಪಟ್ಟಿ ಅದೆಷ್ಟು ಸೊಗಸಾಗಿ ರುಮಾಲಿನ ಆಕಾರ ತಳೆಯಿತೆಂದರೆ, ಗಾಯಾಳುವಾಗಿ ಕುಳಿತಿದ್ದವನನ್ನು ಹಾಗೆಯೇ ಮದುವೆಗೆ ಕಳಿಸಬಹುದಾಗಿತ್ತು. ಮೂವತ್ತು ಜನ ದೊಡ್ಡವರು ನೆಲದ ಮೇಲೆ ಬಿದ್ದುಕೊಂಡು "ಅಯ್ಯೋ, ಕಾಲು!" ಎಂದು ಸಂತೋಷವಾಗಿ ನರಳುವ ದೃಶ್ಯವನ್ನು ನೀವು ನೋಡಬೇಕಿತ್ತು. ಸ್ವತಃ ಮೇಷ್ಟ್ರಾಗಿದ್ದೂ, ಬೆಂಚಿನ ಈ ಕಡೆ ಕುಳಿತು ಕಲಿಯುವುದರಲ್ಲಿ ಇಷ್ಟು ಸುಖವಿದೆಯೆಂಬುದು ನನಗೆ ಮರೆತೇಹೋಗಿತ್ತು.

ಭಾನುವಾರ ಬಂದದ್ದು ಉಸಿರಿನ ಪಾಠ. ನೀರಿನಲ್ಲಿ ಮುಳುಗಿದವನ ಬಾಯಿಯನ್ನು ಮೊದಲು ಬೆರಳಿನಿಂದ ಶುಚಿ ಮಾಡಬೇಕು. ಆಮೇಲೆ ಬೋರಲು ಮಲಗಿಸಿ, ಅವನ ಕೈಗಳನ್ನೇ ತಲೆಗೆ ದಿಂಬಾಗಿಸಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ತಲೆಯ ಬಳಿ ಮಂಡಿಯೂರಿ ಬೆನ್ನನ್ನು ಒತ್ತಬೇಕು. ಒಳಗಿನ ಗಾಳಿ ಹೊರಗೆ. ಮೊಣಕೈಗಳನ್ನು ಹಿಡಿದು ಎತ್ತಬೇಕು. ಹೊರಗಿನ ಗಾಳಿ ಒಳಗೆ. ಇಂದು ಆ ಕ್ರಮ ಹೋಗಿ ಬೇರೆ ಬಂದಿದೆ, ಅಂಗಾತ ಮಲಗಿಸಿ ಎದೆಯನ್ನೇ ಒತ್ತುತ್ತಾರೆ. ಅಂದು ನಮಗೆ ಗೊತ್ತಿದ್ದದ್ದು ಇಷ್ಟೇ. ಆದರೂ ನನಗೆ ಮೈ ಜುಮ್ಮೆಂದಿತು. ಉಸಿರೆಂದರೆ ಮೇಲಿನವನು ಕೊಟ್ಟು ಮೇಲಿನವನೇ ಹಿಂತೆಗೆದುಕೊಳ್ಳುವ ವಸ್ತು, ನಡುವೆ ನಮ್ಮದೇನೂ ನಡೆಯದು ಎಂದುಕೊಂಡೇ ಬೆಳೆದವನು ನಾನು. ಕುಲುಮೆಯ ತಿದಿಯಂತೆ ಅದನ್ನು ಇನ್ನೊಬ್ಬರ ಕೈ ಕೂಡ ಸ್ವಲ್ಪ ಹೊತ್ತು ನಡೆಸಬಲ್ಲದು ಎಂದರೆ ಸಾಮಾನ್ಯ ಸಂಗತಿಯೇ?

"ಬೋರಲು ಮನೀಕಳಿ" ಎಂದರು ಮಾದಪ್ಪ. ನಮ್ಮಲ್ಲಿ ಅರ್ಧಕ್ಕರ್ಧ ಜನ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆವು. ನಮ್ಮ ಮನೆತನಗಳಲ್ಲಿ ಎದೆಯ ಮೇಲೆ ಇಷ್ಟಲಿಂಗವಿರುತ್ತದೆ, ಬೆಳ್ಳಿಯ ಕರಡಿಗೆಯೊಳಗೆ, ಕೊರಳಿನ ಶಿವದಾರದಲ್ಲಿ. ಅದನ್ನು ಮೈಯಿಂದ ಅಗಲಿಸುವಂತಿಲ್ಲ, ಪರರು ಮುಟ್ಟುವಂತಿಲ್ಲ. ಅದನ್ನು ನೆಲಕ್ಕೆ ಒತ್ತಿ ಅದರ ಮೇಲೆ ಮಲಗುವುದೆಂದರೇನು? ಮಾದಪ್ಪನವರಿಗೆ ಅರ್ಥವಾಯಿತು, ಅವರು ವಾದಿಸಲಿಲ್ಲ. "ದ್ಯಾವ್ರು ನಿಮ್ದು, ದಾರೀನೂ ನೀವೇ ತೋರ್ಸಿ" ಎಂದರು. ಬುದ್ಧಿವಂತನಾದ ನಾನು ತಕ್ಷಣ ಕರಡಿಗೆಯನ್ನು ಬೆನ್ನಿಗೆ ತಿರುಗಿಸಿಕೊಂಡು ಬೋರಲು ಮಲಗಿಯೇಬಿಟ್ಟೆ. ಬೆನ್ನು ಒತ್ತಬೇಕಾಗಿದ್ದ ಜೊತೆಗಾರ ಎರಡೂ ಅಂಗೈ ಮುಂದೆ ಚಾಚಿ, ಅವು ಇಳಿಯಬೇಕಾದ ಜಾಗದಲ್ಲೇ ಲಿಂಗ ಕುಳಿತಿರುವುದನ್ನು ಕಂಡು, "ಶಿವ ಶಿವಾ!" ಎಂದು ಚಂಗನೆ ಹಿಂದಕ್ಕೆ ಹಾರಿದ. ನಗುವೆಲ್ಲ ಇಳಿದ ಮೇಲೆ ಕುದೇರಿನಿಂದ ಬಂದಿದ್ದ ಹಿರಿಯ ರೈತರೊಬ್ಬರು, ಅಗೆತದ ಕೆಲಸದಲ್ಲಿ ತಾವು ಮಾಡುವಂತೆ ಕರಡಿಗೆಯನ್ನು ತೋಳಿಗೆ ಕಟ್ಟಿ ತೋರಿಸಿದರು. ಮೈಯಿಂದ ಅಗಲಿದಂತೆಯೂ ಆಗಲಿಲ್ಲ, ಮೈಯಡಿಗೆ ಸಿಕ್ಕಿದಂತೆಯೂ ಆಗಲಿಲ್ಲ. ಅವರವರ ಕೈಯಿಂದ ಅವರವರೇ ಕಟ್ಟಿಕೊಂಡು ಎಲ್ಲರೂ ನೆಮ್ಮದಿಯಾಗಿ ಮುಳುಗಿ ಎದ್ದೆವು.

ಅಂದು ಸಂಜೆ ಹರವೆಯಲ್ಲಿದ್ದ ಅಕ್ಕನ ಮನೆಗೆ ಹೋದೆ. ಬೆಳಗಿನ ಮೊದಲ ಬಸ್ಸಿಗೆ ಗುಂಡ್ಲುಪೇಟೆ ಸೇರುವ ಯೋಚನೆ. ಹೊಸ ವಿದ್ಯೆ ಕೈಯಲ್ಲಿ ತುರಿಸುತ್ತಿತ್ತು. ಭಾವನನ್ನು ಸ್ವಲ್ಪ ಬೋರಲು ಮಲಗಿ ಎಂದು ಬೇಡಿಕೊಂಡೆ. ಭಾವ ಸಜ್ಜನರು, ಆದರೆ ನನ್ನನ್ನು ಕಂಡರೆ ನಾಲಿಗೆ ಸುಮ್ಮನಿರದು. "ಬೆನ್ನೊತ್ತಕೆ ಚಾಮ್ರಾಜನಗ್ರಕ್ಕೆ ಓಗ್ಬೇಕಾಗಿತ್ತಾ? ನಿಮ್ಮಕ್ಕ ದಿನಾ ಒತ್ತುತಾಳೆ ಕಣ್ಲಾ" ಎಂದು ನಕ್ಕು, ಮುದ್ದೆ ಮುರಿದು ಸಾರಿಗೆ ಅದ್ದಿದರು.

ಸೋಮವಾರ ಬೆಳಿಗ್ಗೆ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಸುದ್ದಿ ಬಂದು ನಾನು ಜಗಲಿಯ ಮೇಲೆ ಗೊಣಗುತ್ತ ಕುಳಿತಿದ್ದೆ. ಅರಿಶಿನದ ಹೊಲದ ಕಡೆಯಿಂದ ಕೂಗು ಕೇಳಿಸಿತು. ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಹಗ್ಗ ಸಿಕ್ಕಿಕೊಂಡಿತ್ತಂತೆ, ಬಿಡಿಸಲು ಬಗ್ಗಿದ ಭಾವ ಜಾರಿ ಬಾವಿಗೆ ಬಿದ್ದಿದ್ದರು. ಈಜು ಬಲ್ಲವರೇ, ಆದರೆ ಬೀಳುವಾಗ ಕಲ್ಲಿಗೆ ತಲೆ ತಗುಲಿತ್ತು. ಅಕ್ಕನೂ ನಾನೂ ಓಡಿ ತಲುಪುವಷ್ಟರಲ್ಲಿ ಅಕ್ಕಪಕ್ಕದ ಹೊಲದವರು ಮೇಲಕ್ಕೆ ಎತ್ತಿದ್ದರು. ಮುಖ ನೀಲಿ, ಎದೆಯಲ್ಲಿ ಅಲುಗಾಟವಿಲ್ಲ. ಕುಂಬಾರರ ತಿಗರಿಯ ಮೇಲೆ ಮಲಗಿಸಿ ತಿರುಗಿಸಿದರೆ ಕುಡಿದ ನೀರು ಹೊರಬರುತ್ತದೆಂದು ನಮ್ಮ ಕಡೆ ನಂಬಿಕೆ. ನಾಲ್ವರು ಆಗಲೇ ಕೈಕಾಲು ಹಿಡಿದು ಕುಂಬಾರಗೇರಿಯ ಕಡೆ ತಿರುಗಿದ್ದರು.

"ಇಳಿಸಿ!" ಎಂದು ಅರಚಿದೆ. ತರಗತಿಯಲ್ಲಿ ಪಳಗಿದ ಗಂಟಲು ಅಂದು ಉಪಯೋಗಕ್ಕೆ ಬಂತು, ನಾಲ್ವರೂ ಪಾಠ ಒಪ್ಪಿಸದ ಹುಡುಗರಂತೆ ಬೆಚ್ಚಿ ಇಳಿಸಿದರು. ಬಾಯಿಯೊಳಗೆ ಬೆರಳು ಹಾಕಿ ಕೆಸರು ತೆಗೆದೆ. ಬೋರಲು ಮಾಡಲು ಭುಜಕ್ಕೆ ಕೈಹಾಕಿದವನು ಅಲ್ಲಿಯೇ ನಿಂತುಬಿಟ್ಟೆ. ಒದ್ದೆ ಎದೆಯ ಮೇಲೆ ಭಾವನ ಕರಡಿಗೆ ಹೊಳೆಯುತ್ತಿತ್ತು. ತಾವೇ ತೋಳಿಗೆ ಕಟ್ಟಿಕೊಳ್ಳಲು ಅವರಿಗೆ ಎಚ್ಚರವಿಲ್ಲ, ಮುಟ್ಟಲು ನನಗೆ ಧೈರ್ಯವಿಲ್ಲ. ಎರಡು ದಿನ ಕಲಿತದ್ದೆಲ್ಲ ಆ ಒಂದು ಕ್ಷಣದಲ್ಲಿ ನನ್ನನ್ನು ಕೈಬಿಟ್ಟಿತು. ನಾನು ಮತ್ತೆ ಆ ಕೆರೆಯ ದಡದಲ್ಲಿದ್ದೆ.

ಅಕ್ಕ ನನ್ನ ಮುಖ ನೋಡಿದಳು, ಗಂಡನ ಎದೆ ನೋಡಿದಳು. ಏನು ತಡೆಯಾಗಿದೆಯೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಮಂಡಿಯೂರಿ, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಗಂಡನ ಕೊರಳಿನಿಂದ ಶಿವದಾರ ತೆಗೆದು ಅವನ ತೋಳಿಗೆ ಬಿಗಿಯಾಗಿ ಸುತ್ತಿದಳು. "ಪಾಪ ಬಂದ್ರೆ ನನ್ಗಿರ್ಲಿ ಕಣ್ಲಾ. ನೀ ಒತ್ತು" ಎಂದಳು. ಇಬ್ಬರೂ ಸೇರಿ ಬೋರಲು ಮಾಡಿದೆವು.

ಒತ್ತಿದೆ. ಎತ್ತಿದೆ. ಒತ್ತಿದೆ. ಮಾದಪ್ಪನವರ ಲೆಕ್ಕ ಬಾಯಲ್ಲಿತ್ತು, ಅದನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೇನೂ ಇರಲಿಲ್ಲ. ಯಾರೋ "ಆಯ್ತು ಬುಡಪ್ಪ, ಸುಮ್ನೆ ಯಾಕೆ" ಎಂದದ್ದು ಕೇಳಿಸಿತು. ಬಿಡಲಿಲ್ಲ. ಎಷ್ಟು ಹೊತ್ತಾಯಿತೋ ಅರಿಯೆ, ಅಂಗೈಯ ಕೆಳಗೆ ಒಂದು ಸಣ್ಣ ನಡುಕ ಹುಟ್ಟಿ, ಆಮೇಲೆ ಒಂದು ಕೆಮ್ಮು ಬಂತು. ಬಾವಿಯ ನೀರೂ ಬೆಳಗಿನ ಗಂಜಿಯೂ ನನ್ನ ಮಂಡಿಯ ಮೇಲೆ ಬಿದ್ದವು. ಅಷ್ಟು ಆನಂದವನ್ನು ನನ್ನ ಮೇಲೆ ಇನ್ನಾರೂ ಎಂದೂ ಕಕ್ಕಿಲ್ಲ. ನಾನು ಗಟ್ಟಿಯಾಗಿ ಅತ್ತೆ, ನಗುತ್ತಲೇ ಅತ್ತೆ.

ಅಂದು ಇಡೀ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಭಾವನನ್ನು ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದು, ತಲೆಗೆ ಹೊಲಿಗೆ ಹಾಕಿಸಿ ಕರೆತಂದದ್ದಾಯಿತು. ಬಂದವರಿಗೆಲ್ಲ ಕತೆ ಹೇಳಿದೆ, ಪ್ರತಿ ಸಲವೂ ಬಾವಿ ಒಂದೊಂದು ಮಾರು ಆಳವಾಗುತ್ತಿತ್ತು. ಬಂದವರೆಲ್ಲ ಹೋದ ಮೇಲೆ ಅಕ್ಕ ನನಗೊಂದು ಲೋಟ ಹಾಲು ತಂದುಕೊಟ್ಟು ಎದುರಿಗೆ ಕುಳಿತಳು.

"ಬಸ್ಸು ಸರಿಯಾಗಿ ಬಂದಿದ್ರೆ ನೀನು ಓಗ್ಬುಟ್ಟಿರ್ತಿದ್ದೆ, ಅಲ್ವಾ?"

ಹೌದು ಎಂದೆ.

"ಆಗ ಇಲ್ಲಿ ಯಾರ್ ಇರ್ತಿದ್ರು? ನಂಗೂ ಏಳ್ಕೊಡು."

ನನ್ನೊಳಗೆ ಉಬ್ಬಿ ನಿಂತಿದ್ದುದೆಲ್ಲ ಒಮ್ಮೆಗೇ ಇಳಿಯಿತು. ನಾಲ್ಕಾರು ವರ್ಷ ಮಕ್ಕಳಿಗೆ ಕಲಿಸಿದವನು, ಈ ವಿದ್ಯೆಯನ್ನು ಮಾತ್ರ ಹಬ್ಬದ ಅಂಗಿಯಂತೆ ನಾನೊಬ್ಬನೇ ತೊಟ್ಟುಕೊಂಡು ಮೆರೆಯುವುದೆಂದುಕೊಂಡಿದ್ದೆ. ಬಾವಿ ಹರವೆಯಲ್ಲಿ, ನಾನು ಗುಂಡ್ಲುಪೇಟೆಯಲ್ಲಿ. ಉಸಿರು ಬಸ್ಸಿನ ವೇಳೆ ನೋಡಿಕೊಂಡು ನಿಲ್ಲುವುದಿಲ್ಲ. ಇಷ್ಟು ಸರಳವಾದ ಮಾತು ಸುತ್ತೋಲೆ ಓದಿದ ನನಗೆ ಹೊಳೆದಿರಲಿಲ್ಲ, ಓದು ಬಾರದ ಅಕ್ಕನಿಗೆ ಹೊಳೆದಿತ್ತು.

ಮುಂದಿನ ತಿಂಗಳು, ಭಾವನ ತಲೆಯ ಗಾಯ ವಾಸಿಯಾದ ಮೇಲೆ, ಒಂದು ಭಾನುವಾರ ಅವರ ಅಂಗಳದಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದರು. ರೋಗಿಯಾಗಲು ಯಾರು ಬರುತ್ತೀರಿ ಎಂದು ನಾನು ಕೇಳುವ ಮುಂಚೆಯೇ ಭಾವ ಎದ್ದುಬಂದು, ಕರಡಿಗೆಯನ್ನು ತಾವೇ ತೋಳಿಗೆ ಕಟ್ಟಿಕೊಂಡು ಬೋರಲು ಮಲಗಿದರು. ಅಕ್ಕ ಸೆರಗು ಬಿಗಿದು, ಅವರ ತಲೆಯ ಬಳಿ ಮಂಡಿಯೂರಿ, ಹೊಲದಲ್ಲಿ ದುಡಿದು ಗಟ್ಟಿಯಾದ ತನ್ನೆರಡು ಅಂಗೈಗಳನ್ನು ಬೆನ್ನಿನ ಮೇಲಿಟ್ಟು ಒತ್ತಿದಳು.

"ಮೆಲ್ಲಗೆ ಕಣಮ್ಮಿ, ಪಕ್ಕೆ ಮುರ್ದೋಯ್ತದೆ" ಎಂದರು ಭಾವ.

ಅಕ್ಕ ಎಣಿಕೆ ತಪ್ಪಿಸಲಿಲ್ಲ. "ಸುಮ್ಕಿರಿ. ಉಸ್ರು ನಿಂತೋರು ಮಾತಾಡಕಿಲ್ಲ" ಎಂದು ಮತ್ತೆ ಒತ್ತಿದಳು.